ಖಾಲಿ ತಟ್ಟೆಯ ಬೆಳೆ

ಆ ಬೆಳಗ್ಗೆ ಮಗಳು ತಾನಾಗಿ ಬಂದು ಎದೆಯ ಮೇಲೆ ಕೂತಳು. ಮುನಿರಾಮಯ್ಯನಿಗೆ ಉಸಿರು ಕಟ್ಟಿತು. ಉಚ್ಚೆ ಬಂದಿತ್ತು, ಎಡಗಾಲು ಜೋಮು ಹಿಡಿದಿತ್ತು, ಮೂಗಿನ ಮೇಲೊಂದು ನೊಣ ಓಡಾಡುತ್ತಿತ್ತು. ಆದರೂ ಅರ್ಧ ಗಂಟೆ ಅವನು ಕದಲಲಿಲ್ಲ. ಒಂಬತ್ತು ವರ್ಷದ ಕಬ್ಬಾಳಿ, ಯಾರ ಬೆರಳು ತಾಕಿದರೂ ಕೆಂಡ ತಾಕಿದವಳ ಹಾಗೆ ಹಾರುತ್ತಿದ್ದವಳು, ಇವತ್ತು ಅಪ್ಪನನ್ನು ಮಣೆ ಮಾಡಿಕೊಂಡು, ಎದುರು ಗೋಡೆಯ ಬಿರುಕನ್ನು ನೋಡುತ್ತ, ಮೂಗಿನಲ್ಲೇ ಏನೋ ಗುನುಗುತ್ತ ಕೂತಿದ್ದಳು. ಅವಳಿಗೆ ಇಷ್ಟು ತೂಕವಿದೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ. ಎತ್ತಿಕೊಂಡು ಎಷ್ಟು ವರ್ಷವಾಯಿತು? ಪಕ್ಕೆಲುಬು ಮುರಿದರೆ ಮುರಿಯಲಿ, ಚನ್ನಪಟ್ಟಣದಲ್ಲಿ ಮೂಳೆ ಕಟ್ಟುವವರಿಗೇನು ಬರವೇ ಎಂದುಕೊಂಡ. ಆಮೇಲೆ ಅವಳು ಬಂದ ಹಾಗೆಯೇ ಎದ್ದು, ತಿರುಗಿಯೂ ನೋಡದೆ, ರೇಷ್ಮೆ ಹುಳು ಸಾಕುವ ಕೋಣೆಯ ಕತ್ತಲೆಗೆ ಹೋದಳು. ಅವನು ಕುಂಟುತ್ತ ಹಿತ್ತಲಿಗೆ ಓಡಿದ. ತೆಂಗಿನ ಬುಡದಲ್ಲಿ ನಿಂತಾಗ ಮೈಯೆಲ್ಲ ಹಗುರವಾಗಿ, ತಲೆ ಗಿರ್ರೆಂದು, ಮರ ಹಿಡಿದುಕೊಳ್ಳಬೇಕಾಯಿತು. ನಲವತ್ತಾರು ವರ್ಷದ ಗಂಡಸು. ಹೆಂಡ ಕುಡಿದವನ ಹಾಗೆ ತೆಂಗಿನ ಮರ ತಬ್ಬಿಕೊಂಡು ನಗುತ್ತಿದ್ದ.

ಒಳಗೆ ಬಂದು ಒಲೆಯ ಮುಂದಿದ್ದ ಹೆಂಡತಿ ಕಾವೇರಮ್ಮನ ಕಿವಿಯ ಹತ್ತಿರ ಬಾಗಿದ. ಈ ಮನೆಯಲ್ಲಿ ಎಲ್ಲ ಮಾತೂ ಕಿವಿಯ ಹತ್ತಿರವೇ.

"ನನ್ ಮ್ಯಾಲೆ ಕೂತ್ಕಂಡ್ಲು ಕಣೆ."

"ಯಾರು?"

"ಇನ್ಯಾರು, ನಿಮ್ಮವ್ವನಾ? ಕಬ್ಬಾಳಿ. ಅರ್ಧ ಗಂಟೆ."

"ಸುಳ್ಳು ಬೊಗಳಬ್ಯಾಡ."

"ದೇವ್ರಾಣೆ. ಒಸಿ ತಡ್ದಿದ್ರೆ ಹಾಸ್ಗೇಲೆ ಆಗೋಗ್ತಿತ್ತು."

ಕಾವೇರಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಸದ್ದಿಲ್ಲದೆ ನಗುವುದನ್ನು ಗಂಡ ಹೆಂಡಿರಿಬ್ಬರೂ ಕಲಿತು ವರ್ಷವಾಗುತ್ತ ಬಂದಿತ್ತು. ಭುಜ ಕುಣಿಯುತ್ತದೆ, ಕಣ್ಣಲ್ಲಿ ನೀರು ಬರುತ್ತದೆ, ಗಂಟಲಿಂದ ಮಾತ್ರ ಏನೂ ಹೊರಡುವುದಿಲ್ಲ. ಹೊರಗಿನವರು ನೋಡಿದರೆ ಮನೆಯಲ್ಲಿ ಯಾರೋ ಸತ್ತಿದ್ದಾರೆ ಎನ್ನಬೇಕು.

ಆ ಖುಷಿಯಲ್ಲೇ ಅವನು ಬಾಗಿಲಿಗೆ ಹೊಸ ಬೇವಿನ ಸೊಪ್ಪು ಸಿಕ್ಕಿಸಿದ, ಹೊಸ್ತಿಲಿನಾಚೆ ಸುಣ್ಣದ ಗೆರೆ ಎಳೆದ. ರೇಷ್ಮೆ ಹುಳು ಸಾಕುವ ಮನೆಗೆ ಅದರದೇ ಕಾನೂನು. ಮೊಟ್ಟೆ ಒಡೆದ ದಿನದಿಂದ ಗೂಡು ಬಿಡಿಸುವ ತನಕ ಹೊರಗಿನವರು ಜಗಲಿ ದಾಟುವಂತಿಲ್ಲ. ಒಗ್ಗರಣೆಯ ಘಾಟು ಕೂಡದು, ಊದುಬತ್ತಿ ಕೂಡದು, ಬೀಡಿ, ಅತ್ತರು, ಸೀಮೆಎಣ್ಣೆ ಕೂಡದು. ಬಿಸಿಲು ಒಳಗೆ ಚುಚ್ಚಬಾರದು. ಕೂಗಿ ಮಾತಾಡಿದರೆ ಹುಳು ಬೆಚ್ಚಿ ಮೇಯುವುದು ಬಿಡುತ್ತದೆ ಎಂಬುದು ಅವನ ತಾಯಿ ಸಿದ್ದಮ್ಮನ ನಂಬಿಕೆ. ಅವರ ಊರು ಅಕ್ಕೂರಿನಲ್ಲಿ ಎಂಥ ಪುಂಡನೂ ಬೇವಿನ ಸೊಪ್ಪು ಕಂಡರೆ ದನಿ ತಗ್ಗಿಸಿ, ಚಪ್ಪಲಿ ಕೈಯಲ್ಲಿ ಹಿಡಿದು ದಾಟುತ್ತಾನೆ. ನೆಂಟರ ಮನೆಯ ಸೂತಕಕ್ಕೆ ಕೊಡದ ಮರ್ಯಾದೆಯನ್ನು ಹುಳುವಿಗೆ ಕೊಡುತ್ತಾನೆ. ಸೊಪ್ಪು ಸಿಕ್ಕಿಸಿ ಮುನಿರಾಮಯ್ಯ ನಾಲ್ಕು ಹೆಜ್ಜೆ ಹಿಂದೆ ಹೋಗಿ ನೋಡಿದ. ಚೆನ್ನಾಗಿತ್ತು. ಅವನ ಮನೆಯೊಳಗೆ ಒಂದು ಹುಳುವೂ ಇರಲಿಲ್ಲ. ಗೂಡು ರಾಮನಗರದ ಮಾರುಕಟ್ಟೆಗೆ ಹೋಗಿ ಹದಿನೇಳು ದಿನವಾಗಿತ್ತು. ಹುಳು ಮೇಯಿಸಲು ಅಂತಸ್ತಾಗಿ ಜೋಡಿಸಿದ ಅಗಲ ತಟ್ಟೆಗಳೆಲ್ಲ ಖಾಲಿ. ಕೆಳಗಿನ ತಟ್ಟೆಯಲ್ಲಿ ಗೋಣಿಚೀಲಗಳನ್ನು ಹೊದ್ದು ಕಬ್ಬಾಳಿ ಮಲಗಿದ್ದಳು, ಹಿಪ್ಪುನೇರಳೆ ಎಲೆಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಸಾಲು ಜೋಡಿಸಿಕೊಂಡು.

ಇದು ಅವನಿಗೆ ಹೊಳೆಯಲು ಮೂರು ಬೆಳೆ ಬೇಕಾಯಿತು. ಅವನು ಮಂದ. ಮನೆಯಲ್ಲಿ ಹುಳು ಇದ್ದಾಗ ಹುಡುಗಿ ಗೋಡೆಗೆ ತಲೆ ಚಚ್ಚಿಕೊಳ್ಳುವುದಿಲ್ಲ, ರಾತ್ರಿ ಮಲಗುತ್ತಾಳೆ, ಇಷ್ಟಿಷ್ಟು ಉಣ್ಣುತ್ತಾಳೆ. ಗೂಡು ಮಾರಿದ ಮಾರನೆಯ ದಿನ ಸಾಸಿವೆ ಸಿಡಿಯುತ್ತದೆ, ರೇಡಿಯೋ ಹಾಡುತ್ತದೆ, ನೆಂಟರು ಬರುತ್ತಾರೆ, ಕುಕ್ಕರ್ ಕೂಗುತ್ತದೆ, ಎಲ್ಲಕ್ಕಿಂತ ಜೋರಾಗಿ ಮುನಿರಾಮಯ್ಯ ಕೂಗುತ್ತಾನೆ. ಹುಡುಗಿ ಮಂಚದಡಿ ಸೇರಿ ಎರಡೂ ಕಿವಿಗೆ ಬೆರಳು ಚುಚ್ಚಿಕೊಂಡು ಊಳಿಡುತ್ತಾಳೆ. ದೃಷ್ಟಿ ಎಂದರು, ಗಾಳಿ ಎಂದರು, ತಾಯತ ಕಟ್ಟಿದರು. ತಾಯತದ ದಾರ ಚುಚ್ಚುತ್ತದೆಂದು ಅವಳು ಕುತ್ತಿಗೆಯ ಚರ್ಮವನ್ನೇ ಕಿತ್ತುಕೊಂಡಳು. ಬೆಂಗಳೂರಿನ ದೊಡ್ಡ ಆಸ್ಪತ್ರೆಯ ಡಾಕ್ಟರು ಆಟಿಸಂ ಎಂದು ಹೇಳಿ, ಇದು ಗುಣವಾಗುವ ರೋಗವಲ್ಲ, ಅವಳು ಹುಟ್ಟಿರುವ ರೀತಿಯೇ ಇದು, ಸದ್ದು ಬೆಳಕು ಮುಟ್ಟುವುದು ಎಲ್ಲ ಅವಳಿಗೆ ನಮಗಿಂತ ಹತ್ತು ಪಟ್ಟು ಎಂದಾಗ, ಹಾಗಾದರೆ ನೀವಿರೋದು ಯಾಕ್ರೀ ಎಂದು ಮುನಿರಾಮಯ್ಯ ಮೇಜು ಗುದ್ದಿದ್ದ. ಗುದ್ದಿದ ಸದ್ದಿಗೆ ಮಗಳು ಕಿರುಚಿದ್ದಳು. ಡಾಕ್ಟರು ಸಿಟ್ಟಾಗಲಿಲ್ಲ. ಯಾವಾಗ ಸಮಾಧಾನವಾಗಿರುತ್ತಾಳೆ ಎಂದು ಕೇಳಿದರು. ಮನ್ಯಾಗೆ ಹುಳ ಇದ್ದಾಗ ಎಂದಳು ಕಾವೇರಮ್ಮ. ಆ ಮನುಷ್ಯ ನಗದೆ, ಇಂಗ್ಲಿಷಿನ ಸಾಲುಗಳ ನಡುವೆ ಅದನ್ನೂ ಬರೆದುಕೊಂಡ. ವಾಪಸು ಬರುವಾಗ ಬಸ್ಸಿನ ಕಿಟಕಿಗೆ ಹಣೆ ಒತ್ತಿಕೊಂಡು ಮುನಿರಾಮಯ್ಯ ಯೋಚಿಸಿದ. ಬಿಡದಿ ದಾಟುವಷ್ಟರಲ್ಲಿ ತೀರ್ಮಾನವಾಗಿತ್ತು. ಇನ್ನು ಮೇಲೆ, ಊರಿನವರ ಪಾಲಿಗೆ, ಹುಳುಗಳು ಈ ಮನೆ ಬಿಟ್ಟು ಹೋಗುವುದೇ ಇಲ್ಲ.

ನಿಜ ಹೇಳಿದರೆ ಏನಾಗುತ್ತಿತ್ತು ಎಂದು ಅವನು ತನ್ನನ್ನೇ ಕೇಳಿಕೊಂಡದ್ದುಂಟು. ಮಗಳಿಗಾಗಿ ಒಸಿ ಮೆಲ್ಲಗೆ ಮಾತಾಡ್ರಪ್ಪ ಎಂದಿದ್ದರೆ ಮೆಲ್ಲಗೆ ಮಾತಾಡುತ್ತಿದ್ದರೇ? ಒಂದು ಹೆಣ್ಣು ಕೂಸಿಗಾಗಿ ಒಗ್ಗರಣೆ ಬಿಟ್ಟವರುಂಟೇ? ಹುಳುವಿಗಾದರೆ ಬಿಡುತ್ತಾರೆ. ಕಾವೇರಮ್ಮನ ಅಣ್ಣ ಹೇಳಿಯೇ ಬಿಟ್ಟಿದ್ದ, ಕನಕಪುರದ ಕಡೆ ಎಲ್ಲೋ ಇಂಥವರನ್ನು ಇಟ್ಟುಕೊಳ್ಳುವ ಜಾಗವಿದೆ, ಬಿಟ್ಟು ಬನ್ನಿ, ನಿಮ್ಮ ಪಾಡಿಗೆ ನೀವು ಬದುಕಿ ಎಂದು. ಆದರೆ ಇದೆಲ್ಲ ಹೊರಗಿನ ಕಾರಣ. ಒಳಗಿನದು ಬೇರೆ, ಅದು ನೆನಪಾದಾಗಲೆಲ್ಲ ಅವನು ಏನನ್ನಾದರೂ ಒದೆಯುತ್ತಿದ್ದ. ಈಗ ಒದೆಯುವುದೂ ಸದ್ದಾದ್ದರಿಂದ ಹಲ್ಲು ಕಚ್ಚುತ್ತಾನೆ. ಚನ್ನಪಟ್ಟಣದ ಛತ್ರ, ತಂಗಿಯ ಮೈದುನನ ಮದುವೆ. ಕಬ್ಬಾಳಿಗೆ ಆಗ ಆರು ವರ್ಷ. ಜರಿ ಲಂಗ ಹಾಕಿದ್ದರು. ತಾಳಿ ಕಟ್ಟುವ ಹೊತ್ತಿಗೆ ವಾಲಗ ಒಮ್ಮೆಲೇ ಏರಿತು, ಹುಡುಗಿ ಲಂಗ ಕಿತ್ತೆಸೆದು ಬರೀ ಮೈಯಲ್ಲಿ ಊಟದ ಎಲೆಯ ಸಾಲುಗಳ ಮೇಲೆ ಓಡಿ, ಪಾಯಸದ ಕೊಳದಪ್ಪಲೆಯ ಪಕ್ಕ ಬಿದ್ದು ಕಿರುಚತೊಡಗಿದಳು. ಹೆಣ್ಣಿನ ಕಡೆಯವನೊಬ್ಬ, ಜುಬ್ಬಾ ತೊಟ್ಟವನು, "ಯಾರ್ ಮಗು ರೀ ಇದು? ಅಪ್ಪ ಅಮ್ಮ ಇಲ್ವಾ?" ಎಂದು ಇವನ ಮುಖವನ್ನೇ ನೋಡಿ ಕೇಳಿದ. ಗೊತ್ತಿಲ್ಲ ಎಂದ ಮುನಿರಾಮಯ್ಯ. ಅಷ್ಟೇ. ಒಂದು ಮಾತು. ಹೇಳಿ, ಕೈಯಲ್ಲಿದ್ದ ವೀಳ್ಯದೆಲೆಗೆ ಸುಣ್ಣ ಹಚ್ಚಿದ. ಅಷ್ಟರಲ್ಲಿ ಕಾವೇರಮ್ಮ ಓಡಿ ಬಂದು ಮಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದಳು. ಅವಳಿಗೆ ಕೇಳಿಸಿತೋ ಇಲ್ಲವೋ, ಇವತ್ತಿಗೂ ಅವನು ಕೇಳಿಲ್ಲ.

ಸುಳ್ಳು ಮಾತ್ರ ಎಂಥ ಸೊಗಸಾಗಿ ಬೆಳೆಯಿತು! ಎದುರು ಮನೆಯ ಹನುಮಂತಯ್ಯ ಮೊದಲು ಅಡ್ಡ ಹಾಕಿದವನು. "ಏನ್ಲಾ ಮುನಿರಾಮ, ಯಾವಾಗ ನೋಡಿದ್ರೂ ಸೊಪ್ಪು ಕಟ್ಟಿರ್ತೀಯ. ನಿನ್ ಹುಳ ಗೂಡು ಕಟ್ತವಾ ಇಲ್ಲ ಸಂಸಾರ ಕಟ್ತವಾ?" ಹೊಸ ತಳಿ ಕಣ್ಲಾ ಎಂದ ಇವನು, ಬಾಯಿಗೆ ಬಂದದ್ದು. ಒಂದು ಗುಂಪು ಹಣ್ಣಾಗುವಾಗ ಇನ್ನೊಂದು ಮೊಟ್ಟೆ ಒಡೀತದೆ, ಮನೆ ಖಾಲಿ ಅನ್ನೋದೇ ಇಲ್ಲ. "ಗುಟ್ಟೇನ್ಲಾ?" ಗುಟ್ಟೇನಿಲ್ಲ, ಸಾಸಿವೆ ಸಿಡಿಸಬಾರದು. ಹೇಳಿದ ಮೇಲೆ ಅವನಿಗೇ ನಗು ತಡೆಯದೆ, ಕೆಮ್ಮಿದಂತೆ ನಟಿಸಿ ಒಳಗೋಡಿದ. ತಿಂಗಳೊಳಗೆ ಆ ಬೀದಿಯ ಮೂರು ಮನೆ ಒಗ್ಗರಣೆ ಬಿಟ್ಟವು. ಹನುಮಂತಯ್ಯ ತನ್ನ ಟೇಪ್ ರೆಕಾರ್ಡರನ್ನು ಮಗಳ ಮನೆಗೆ ಕಳಿಸಿದ. ಬಾಯಿ ರುಚಿ ಕೆಟ್ಟು ತಡೆಯಲಾರದೆ ಹೋದವಳು ಸಿದ್ದಮ್ಮ ಮಾತ್ರ. ಸಂಜೆಯಾದರೆ ಮುದುಕಿ ಕೋಲೂರಿಕೊಂಡು ಕೊನೆಯ ಮನೆಯ ಮಾರಮ್ಮನಲ್ಲಿಗೆ ಹೋಗಿ, ಇಂಗು ಸಾಸಿವೆಯ ಸಾರು ಕುಡಿದು, ಕಳ್ಳ ಬೆಕ್ಕಿನ ಹಾಗೆ ಮೂತಿ ಒರೆಸಿಕೊಂಡು ಬರುತ್ತಿದ್ದಳು. ಸುಳ್ಳಿನ ತುದಿ ಹಿಡಿದುಕೊಂಡು ಇಡೀ ಬೀದಿ ಪಿಸುಗುಡುತ್ತಿರುವುದನ್ನು ನೋಡಿದಾಗ ಮುನಿರಾಮಯ್ಯನಿಗೆ ಎತ್ತರದ ಮರ ಹತ್ತಿದ ಹುಡುಗನ ಹಾಗಾಗುತ್ತಿತ್ತು. ಕೆಳಗೆ ನೋಡಿದರೆ ತಲೆ ತಿರುಗುತ್ತದೆ, ಇಳಿಯುವ ಮನಸ್ಸೂ ಬರುವುದಿಲ್ಲ.

ಮರ ಅಲುಗಿದ್ದು ಹೋದ ವಾರ. ರೇಷ್ಮೆ ಇಲಾಖೆಯ ಇನ್ಸ್‌ಪೆಕ್ಟರ್ ಅಸದುಲ್ಲಾ ಜಗಲಿಯ ಮೇಲೆ ಕೂತು, ವರ್ಷವಿಡೀ ಹುಳು ಸಾಕುವ ರೈತ ನೀವಂತೆ, ಮಾಗಡಿ ತಾಲ್ಲೂಕಿಂದ ಇಪ್ಪತ್ತು ಜನರನ್ನು ನಿಮ್ಮ ಮನೆ ತೋರಿಸಲು ಕರೆತರುತ್ತೇನೆ ಎಂದಿದ್ದ. ಬೇಡ ಎಂದರೆ ಅನುಮಾನ, ಹೂಂ ಎಂದರೆ ಸರ್ವನಾಶ. ಹೂಂ ಎಂದ. ಇವತ್ತು ಮಧ್ಯಾಹ್ನ ಮೂರಕ್ಕೆ ಅವರು ಬರುವುದು. ಬಂದು, ಖಾಲಿ ತಟ್ಟೆ ನೋಡಿ, ಮಗಳನ್ನು ನೋಡಿ, ಊರೆಲ್ಲ ಸಾರಿ ಹೋಗುತ್ತಾರೆ. ನಾಳೆ ಬೆಳಗ್ಗೆ ಬೀದಿಯ ಒಗ್ಗರಣೆಗಳೆಲ್ಲ ಒಟ್ಟಿಗೆ ಸಿಡಿಯುತ್ತವೆ. ಎದೆಯ ಮೇಲೆ ಕೂತವಳು ಮತ್ತೆ ಮಂಚದಡಿ ಸೇರುತ್ತಾಳೆ. ಆದರೆ ಬೆಳಗಿನ ಆ ಅರ್ಧ ಗಂಟೆಯ ಭಾರ ಇನ್ನೂ ಎದೆಯ ಮೇಲಿದ್ದುದರಿಂದ ಅವನಿಗೆ ಭಯ ಕೂಡ ಒಂದು ಬಗೆಯ ಕಚಗುಳಿಯಾಗಿತ್ತು. ಉಪಾಯವೂ ಸಿದ್ಧವಿತ್ತು. ಹುಳು ನಾಲ್ಕು ಸಲ ಮೇವು ಬಿಟ್ಟು, ತಲೆ ಎತ್ತಿ ಕದಲದೆ ನಿಂತು, ಹಳೆ ಚರ್ಮ ಕಳಚುತ್ತದೆ. ಆಗ ಸಾಕುವವನೂ ಒಳಗೆ ಕಾಲಿಡುವುದಿಲ್ಲ. ನಿನ್ನೆ ರಾತ್ರಿಯಿಂದ ಚರ್ಮ ಬಿಡ್ತಾವೆ ಸಾರ್ ಎಂದರಾಯಿತು, ಯಾವ ರೈತನೂ ಬಾಗಿಲು ತೆಗೆ ಎನ್ನಲಾರ. ತೋಟ ತೋರಿಸಿ, ಎಳನೀರು ಕುಡಿಸಿ ಕಳಿಸುವುದು. ಹೇಳಬೇಕಾದ ಮಾತನ್ನು ಕಾವೇರಮ್ಮನ ಮುಂದೆ ಎರಡು ಸಲ ಒಪ್ಪಿಸಿದ. "ಅಷ್ಟು ಹಲ್ಲು ಬುಡಬ್ಯಾಡ, ಒಸಿ ಮಕ ಗಂಟು ಹಾಕ್ಕ" ಎಂದಳು ಅವಳು. ಗಂಟು ಹಾಕಿಕೊಂಡ. ಇಬ್ಬರ ಭುಜವೂ ಕುಣಿಯತೊಡಗಿತು.

ಅವನ ಲೆಕ್ಕ ತಪ್ಪಿದ್ದು ಮೊಬೈಲಿನಿಂದ. ಅದು ರಿಂಗಾದರೆ ಹುಡುಗಿ ಬೆಚ್ಚುತ್ತಾಳೆಂದು ರಾಗಿ ಮೂಟೆಯೊಳಗೆ ಮೊಣಕೈ ಆಳಕ್ಕೆ ಹೂತಿಟ್ಟಿದ್ದ. ಮೂರಕ್ಕಲ್ಲ, ಹನ್ನೊಂದಕ್ಕೇ ಬರುತ್ತಿದ್ದೇವೆ ಎಂದು ಅಸದುಲ್ಲಾ ಐದು ಸಲ ಕರೆದದ್ದು ರಾಗಿಗೆ ಮಾತ್ರ ಕೇಳಿಸಿತ್ತು. ಮುನಿರಾಮಯ್ಯ ಜಗಲಿಯಲ್ಲಿ ಕೂತು ಕುಡುಗೋಲು ಮಸೆಯಬೇಕೋ ಬೇಡವೋ ಎಂದು ನೋಡುತ್ತಿದ್ದಾಗ ಬೀದಿಯ ತಿರುವಿನಲ್ಲಿ ಬಿಳಿ ಮಿನಿಬಸ್ಸೊಂದು ಕಾಣಿಸಿತು. ಎರಡೂ ಕೈ ಎತ್ತಿಕೊಂಡು ಓಡಿದ. ತನಗೆ ಸ್ವಾಗತವೆಂದು ತಿಳಿದ ಡ್ರೈವರ್ ಖುಷಿಯಾಗಿ ಉದ್ದಕ್ಕೆ ಹಾರನ್ ಹೊಡೆದ, ನಿಲ್ಲಿಸಿ ಇನ್ನೊಮ್ಮೆ ಹೊಡೆದ.

ಒಳಗಿಂದ ಕಿರುಚಾಟ ಕೇಳಿಸಿತು. ಬಟ್ಟೆ ಹರಿದ ಹಾಗೆ, ನಿಲ್ಲದೆ, ಉಸಿರು ತೆಗೆದುಕೊಳ್ಳಲು ಮಾತ್ರ ತುಂಡಾಗಿ ಮತ್ತೆ. ನಡುವೆ ಧಡ್, ಧಡ್ ಎಂದು ತಲೆ ಹಲಗೆಗೆ ಬಡಿಯುವ ಸದ್ದು. ಇಳಿಯುತ್ತಿದ್ದವರು ಮೆಟ್ಟಿಲ ಮೇಲೆ ನಿಂತರು.

"ಏನ್ರೀ ಅದು?" ಎಂದ ಅಸದುಲ್ಲಾ.

ಮುನಿರಾಮಯ್ಯ ಬಾಯಿ ತೆರೆದ. ಹುಳು ಚರ್ಮ ಬಿಡುತ್ತಿದೆ ಎಂಬುದು ನಾಲಿಗೆಯ ತುದಿಯಲ್ಲಿತ್ತು.

"ಹುಳ ಹಿಂಗೆಲ್ಲ ಕಿರುಚ್ತದಾ?" ಎಂದ ಗುಂಪಿನಲ್ಲೊಬ್ಬ. ಇಬ್ಬರು ಕಿಸಕ್ಕೆಂದರು.

"ಯಾರ್ ಮಗು ರೀ?" ಅಸದುಲ್ಲಾ ಮತ್ತೆ ಕೇಳಿದ.

ಸುಳ್ಳುಗಳು ಸಾಲುಗಟ್ಟಿ ಬಂದವು. ಪಕ್ಕದ ಮನೆಯದು. ನೆಂಟರದು. ಜ್ವರ ಬಂದದೆ. ಒಂದೊಂದೂ ನುಣ್ಣಗೆ, ಚನ್ನಪಟ್ಟಣದ ಅರಗಿನ ಗೊಂಬೆಯ ಹಾಗೆ ಹೊಳೆಯುತ್ತ, ಎತ್ತಿಕೋ ಎತ್ತಿಕೋ ಎನ್ನುತ್ತಿದ್ದವು. ಮುನಿರಾಮಯ್ಯನಿಗೆ ಭಯಂಕರ ಸಿಟ್ಟು ಬಂತು. ಡ್ರೈವರನ ಮೇಲೆ, ಹಾರನ್ನಿನ ಮೇಲೆ, ಛತ್ರದಲ್ಲಿ ಸುಣ್ಣ ಹಚ್ಚುತ್ತ ನಿಂತ ಆ ಬೋಳಿಮಗನ ಮೇಲೆ. ಇಡೀ ಬೀದಿ ಕಿತ್ತುಹೋಗುವಂತೆ ಕೂಗಬೇಕೆನಿಸಿತು. ಕೂಗುವ ಹಾಗಿರಲಿಲ್ಲ. ಕತ್ತಿನ ನರ ಉಬ್ಬಿಸಿಕೊಂಡು, ಕಣ್ಣು ಕೆಂಪಗೆ ಮಾಡಿಕೊಂಡು, ಪಿಸುಮಾತಿನಲ್ಲೇ ಗರ್ಜಿಸಿದ.

"ನನ್ ಮಗ್ಳು ಕಣ್ರಯ್ಯ. ನನ್ ಮಗ್ಳು. ಒಳಗೆ ಹುಳನೂ ಇಲ್ಲ ಏನೂ ಇಲ್ಲ. ಸದ್ದಾದ್ರೆ ಅವಳ್ಗೆ ತಲೆ ಒಳಗೆ ಬೆಂಕಿ ಬಿದ್ದಂಗಾಯ್ತದೆ. ಊರ್ನೋರು ಬಾಯಿ ಮುಚ್ಕಂಡಿರ್ಲಿ ಅಂತ ಒಂದೊರ್ಸದಿಂದ ಸುಳ್ ಹೇಳ್ತಾವ್ನಿ. ಎಲ್ಲಿಗ್ ಬರ್ಕೊತೀರೋ ಬರ್ಕಳಿ. ಆದ್ರೆ ಯಾವನಾದ್ರೂ ಉಸಿರೆತ್ತಿದ್ರೆ ಇಲ್ಲೇ ಸಿಗ್ದು ಹಾಕ್ಬುಡ್ತೀನಿ."

ಎದುರು ಜಗಲಿಯಲ್ಲಿ ಹನುಮಂತಯ್ಯ ಬಾಯಿ ಬಿಟ್ಟುಕೊಂಡು ನಿಂತಿದ್ದ. ಅಸದುಲ್ಲಾ ಸಿಟ್ಟಿನಿಂದ ಕೈ ಆಡಿಸುತ್ತ, ಅವನೂ ಪಿಸುಮಾತಿನಲ್ಲೇ, "ಇಪ್ಪತ್ತು ಜನರನ್ನ ಮಾಗಡಿಯಿಂದ ಹೊರಡಿಸ್ಕೊಂಡು ಬಂದಿದೀನಲ್ರೀ, ಡೀಸೆಲ್ ಹಾಕ್ಸಿದೀನಿ, ನಾನು ಏನಂತ ತೋರಿಸ್ಲಿ?" ಎಂದ. "ಸುಣ್ಣದ ಗೆರೆ ತೋರ್ಸಿ" ಎಂದ ಮುನಿರಾಮಯ್ಯ. ತನ್ನ ಮಾತಿಗೆ ತನಗೇ ನಗು ಬಂತು, ಇಂಥ ಹೊತ್ತಿನಲ್ಲಿ. ಆಗಲೇ ಅವನಿಗೆ ಗೊತ್ತಾದದ್ದು, ಆ ಇಪ್ಪತ್ತು ಜನರೂ ಬೀಡಿ ಆರಿಸಿ, ಚಪ್ಪಲಿ ಬಿಟ್ಟು ನಿಂತಿದ್ದಾರೆ. ಯಾರೂ ಹೇಳಿರಲಿಲ್ಲ. ಹುಳು ಸಾಕಿದವರ ಕಾಲಿಗೆ ಅದು ಗೊತ್ತು. ಬಸ್ಸಿನ ಇಂಜಿನ್ ನಿಂತಿತ್ತು. ಒಳಗೆ ಧಡ್ ಧಡ್ ಸದ್ದು ಬಿಟ್ಟು ಬಿಟ್ಟು ಬಂದು, ನಿಂತಿತು. ಕಿರುಚಾಟ ಗುನುಗಾಗಿ ಇಳಿಯಿತು. ಕಾವೇರಮ್ಮ ಮಗಳ ಮೇಲೆ ಗೋಣಿಗಳನ್ನು ಹೇರಿ, ಅದರ ಮೇಲೆ ತಾನೂ ಒರಗಿರಬೇಕು. ಗೆರೆಯ ಈಚೆ ಇಪ್ಪತ್ತು ಜನ ಗಂಡಸರು, ಕತ್ತು ಮುಂದೆ ಚಾಚಿ, ಆ ಗುನುಗನ್ನು ಕೇಳಿಸಿಕೊಳ್ಳುತ್ತ ನಿಂತರು.

ಆಮೇಲೆ ಮೆಲ್ಲಗೆ ಶುರುವಾಯಿತು. ಅಯ್ಯೋ ಪಾಪ ಎನ್ನಬಹುದೆಂದು ಹೆದರಿ ಮುನಿರಾಮಯ್ಯ ಮುಷ್ಟಿ ಬಿಗಿದಿದ್ದ. ಯಾರೂ ಅನ್ನಲಿಲ್ಲ. ಬಂದ ಕೆಲಸ ಬಿಡದ ಜನ ಅವರು. ಬೆಳೆ ನೋಡಲು ಬಂದವರು ಕೇಳುವುದನ್ನೇ ಕೇಳಿದರು. ಬೆಳಕು ಎಷ್ಟು ತಡೀತಾಳೆ? ಏನ್ ತಿಂತಾಳೆ? ಬಿಸೀದಾ, ಆರಿದ್ದಾ? ಗಾಳಿ ಬೇಕಾ? ಮುನಿರಾಮಯ್ಯ ಉತ್ತರ ಕೊಡುತ್ತ ಹೋದ. ಮುದ್ದೆ ಕೈಗಂಟುತ್ತದೆಂದು ಮುಟ್ಟುವುದಿಲ್ಲ, ರೊಟ್ಟಿ ತಿನ್ನುತ್ತಾಳೆ. ಬಟ್ಟೆ ಹಳೆಯದಾಗಬೇಕು, ಸಿದ್ದಮ್ಮನ ಹಳೆ ಸೀರೆಯಲ್ಲೇ ಹೊಲಿಸುವುದು. ಭಾರ ಬೇಕು ಅವಳಿಗೆ, ಭಾರ ಬಿದ್ದರೆ ಸಮಾಧಾನ. ಬೆಳಗ್ಗೆ ಎದೆ ಮೇಲೆ ಕೂತ್ಕಂಡಿದ್ಲು, ಅರ್ಧ ಗಂಟೆ. ಕೊನೆಯದನ್ನು ಹೇಳುವಾಗ, ಯಾರೂ ಕೇಳದಿದ್ದರೂ, ಅವನು ತನ್ನ ಎದೆ ಮುಟ್ಟಿ ತೋರಿಸಿದ. ಇದನ್ನೆಲ್ಲ ಯಾರಿಗಾದರೂ ಹೇಳಲು ಹೊಟ್ಟೆಯಲ್ಲಿ ಇಷ್ಟು ತುಂಬಿಕೊಂಡಿತ್ತೇ? ಮಾತು ಮುಗಿಯುವುದೇ ಇಲ್ಲ. ಅಸದುಲ್ಲಾ ಜೇಬಿನಿಂದ ಪುಸ್ತಕ ತೆಗೆದು, ಅದನ್ನು ನೋಡಿ, ಏನೂ ಬರೆಯದೆ ಮತ್ತೆ ಜೇಬಿಗಿಟ್ಟುಕೊಂಡ. ಹನುಮಂತಯ್ಯ ಬೀದಿ ದಾಟಿ ಬಂದು ಇವನ ಕಿವಿಗೆ ಬಾಯಿಟ್ಟ.

"ಥೂ ನಿನ್ನ. ಒಂದೊರ್ಸ ನಾನು ಚಪ್ಪೆ ಸಾರು ಉಂಡಿದೀನಿ ಕಣ್ಲಾ."

"ಇನ್ಮೇಲ್ ಹುಯ್ಕಾ ಒಗ್ಗರಣೆ."

"ಬಾಯ್ ಮುಚ್ಚು. ಹಿತ್ಲಲ್ಲಿ ಹುಯ್ಕತೀನಿ" ಎಂದು, ಎಲ್ಲರಿಗೂ ಎಳನೀರು ಕೆತ್ತಲು ಮಚ್ಚು ತರಲು ಹೋದ.

ಹೊರಡುವ ಹೊತ್ತಿಗೆ ಒಬ್ಬ ಹಿಂದುಳಿದ. ಸೋಲೂರಿನ ಕಡೆಯವನು, ಸಿದ್ದಯ್ಯ ಎಂದು ಹೆಸರು. ಅಷ್ಟು ಹೊತ್ತೂ ಒಂದೂ ಪ್ರಶ್ನೆ ಕೇಳದೆ ಗೆರೆಯ ತುದಿಯಲ್ಲಿ ನಿಂತಿದ್ದ. ಎಳನೀರಿನ ಬುರುಡೆಯನ್ನು ತಿರುಗಿಸುತ್ತ, "ಕೂದ್ಲು ಹೆಂಗ್ ಕತ್ತರಿಸ್ತೀರ?" ಎಂದ.

"ಕತ್ತರ್ಸಲ್ಲ ಕಣಣ್ಣ. ಕತ್ರಿ ಸದ್ದು ತಡೆಯಾಕಿಲ್ಲ. ಎರಡೊರ್ಸ ಆಯ್ತು, ಜಡೆಗಟ್ಟೈತೆ."

"ನಿದ್ದೇಲಿ ಕತ್ತರಿಸ್ಬೇಕು. ಒಂದ್ ದಿನಕ್ಕೆ ಒಂದೇ ಎಳೆ. ನಾನು ಹಂಗೇ ಮಾಡೋದು." ಬುರುಡೆಯ ಎರಡು ಕಡೆಯನ್ನೂ ಬೆರಳಿನಿಂದ ತೋರಿಸಿದ. "ಈ ಕಡೆ ಮುಗ್ಸಿ ಆ ಕಡೆ ಹೋಗೋ ಅಷ್ಟೊತ್ಗೆ ಈ ಕಡೆ ಬೆಳ್ದಿರ್ತದೆ. ನನ್ ಮಗಂಗೆ ಎರಡೂ ಕಡೆ ಸಮ ಇದ್ದದ್ದು ಇದುವರ್ಗೂ ಯಾರೂ ನೋಡಿಲ್ಲ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಸಿದ್ದಯ್ಯನ ಭುಜ ಮೊದಲು ಅಲುಗಿತು. ಬಾಯಿ ಮುಚ್ಚಿಕೊಂಡು, ಕಣ್ಣಲ್ಲಿ ನೀರು ಸುರಿಸುತ್ತ, ಗಂಟಲಿನಿಂದ ಒಂದು ಎಳೆ ಸದ್ದೂ ಬಾರದ ಹಾಗೆ ಅವನು ನಗುವುದನ್ನು ಕಂಡು ಮುನಿರಾಮಯ್ಯ ಬೆರಗಾದ. ಇದನ್ನು ತಾನೂ ಕಾವೇರಮ್ಮನೂ ಕಂಡುಹಿಡಿದೆವು ಎಂದುಕೊಂಡಿದ್ದ.

ಡ್ರೈವರ್ ಬೀಗದ ಕೈ ತಿರುಗಿಸಲು ಹೋದಾಗ ಆರೇಳು ಕೈಗಳು ಕಿಟಕಿಯೊಳಗೆ ನುಗ್ಗಿ ಅವನ ರಟ್ಟೆ ಹಿಡಿದವು. ಯಾರು ಮೊದಲು ಹೇಳಿದರೋ ತಿಳಿಯದು, ಬಸ್ಸಿನ ಹಿಂದೆ ಜನ ಸಾಲಾಗಿ ನಿಂತರು. ಗೇರು ಬಿಡಿಸಿ ಸ್ಟಿಯರಿಂಗ್ ಹಿಡಿದು ಸುಮ್ಮನೆ ಕೂರಲು ಡ್ರೈವರನಿಗೆ ಸನ್ನೆಯಾಯಿತು. ಅಸದುಲ್ಲಾ ಕೂಡ ಪ್ಯಾಂಟು ಮಡಿಸಿದ. ಇಪ್ಪತ್ತು ಜನ, ಹನುಮಂತಯ್ಯ, ಮುನಿರಾಮಯ್ಯ. ಬರಿಗಾಲಿನಲ್ಲಿ, ಚಪ್ಪಲಿಗಳನ್ನು ಕಂಕುಳಲ್ಲಿ ಒತ್ತಿಕೊಂಡು, ಬಿಳಿ ಬಸ್ಸಿಗೆ ಹೆಗಲು ಕೊಟ್ಟರು. ಐಸಾ ಅನ್ನುವಂತಿಲ್ಲ, ಆದ್ದರಿಂದ ತಲೆ ಅಲ್ಲಾಡಿಸಿ ಲಯ ಹಿಡಿದರು. ಬಸ್ಸು ಕದಲಿತು. ಮಣ್ಣಿನ ಮೇಲೆ ಚಕ್ರದ ಮೆತ್ತನೆಯ ಸದ್ದು, ಅಷ್ಟೇ. ಅವತ್ತು ಮಧ್ಯಾಹ್ನಕ್ಕೇ ಮಾರಮ್ಮನ ಜಗಲಿ ಸೇರಿದ್ದ ಸಿದ್ದಮ್ಮ ಹಣೆಗೆ ಕೈ ಅಡ್ಡ ಹಿಡಿದು ನೋಡಿದಳು; ಹೆಣ ಹೊರುವವರ ಹಾಗೆ ಬಾಯಿ ಬಿಗಿದು, ಮದುವೆ ಮನೆಯವರ ಹಾಗೆ ಮುಖ ಅರಳಿಸಿಕೊಂಡು, ಇವರು ಬಸ್ಸನ್ನು ತಳ್ಳಿಕೊಂಡು ಎಲ್ಲಿಗೆ ಹೊರಟರೆಂದು ಮುದುಕಿಗೆ ಅರ್ಥವಾಗಲಿಲ್ಲ. ಬೀದಿ ಮುಗಿಯಿತು, ಹುಣಸೆ ತೋಪು ದಾಟಿತು. ಕೆರೆ ಏರಿಯ ಮೇಲೆ ಬಂದಾಗ ಮುನಿರಾಮಯ್ಯ ಹಿಂದೆ ತಿರುಗಿ ಮನೆಯ ದೂರ ಅಳೆದು, ಸಾಕು ಎಂದು ಕೈ ಎತ್ತಿದ.

ಇಂಜಿನ್ ಹೊತ್ತಿತು. ಜನ ಹತ್ತಿದರು, ಬಸ್ಸು ಹೊರಟಿತು. ಧೂಳಿನ ನಡುವೆ ನಿಂತವನಿಗೆ ತಟ್ಟನೆ ಹೊಳೆಯಿತು, ಕೇಳಲೇ ಇಲ್ಲವಲ್ಲ. ಪಂಚೆ ಎತ್ತಿ ಕಟ್ಟಿ ಓಡಿದ. ಬಾಯಿ ತೆರೆದರೆ ವರ್ಷದಿಂದ ಕೆಲಸವಿಲ್ಲದ ಗಂಟಲು ಮೊದಲು ಕೀರಲಾಗಿ ಒಡೆದು, ಆಮೇಲೆ ಹಳೆಯ ಮುನಿರಾಮಯ್ಯನದಾಯಿತು.

"ಸಿದ್ದಣ್ಣೋ! ಲೇ ಸಿದ್ದಣ್ಣಾ! ನಿನ್ ಮಗನ ಹೆಸ್ರೇನ್ಲಾ?"

ಹಿಂದಿನ ಕಿಟಕಿಯಿಂದ ಸಿದ್ದಯ್ಯನ ತಲೆ, ಹೆಗಲು, ಅರ್ಧ ಮೈ ಹೊರಬಂತು. ಅವನೂ ಎಷ್ಟು ಕಾಲದಿಂದ ಕೂಗಿರಲಿಲ್ಲವೋ.

"ಸಾವಂದಯ್ಯಾ! ಹನ್ನೊಂದೊರ್ಸ! ನಿನ್ನುಡ್ಗೀದು?"

"ಕಬ್ಬಾಳಿ!" ಕೆರೆಯ ಬೆಳ್ಳಕ್ಕಿಗಳು ಒಟ್ಟಿಗೆ ಎದ್ದವು. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೂ ಅವನು ಏರಿಯ ಮೇಲೆ ಓಡುತ್ತಲೇ ಇದ್ದ. "ನನ್ ಮಗ್ಳು! ಕಬ್ಬಾಳಿ!"